ಮನೆತನದ ಕಾಯಿಲೆ ಮಕ್ಕಳಿಗೆ ಹೇಳಿ

ಕೇಳುಗರೆಲ್ಲರಿಗೂ ಶರಣು ಶರಣಾರ್ಥಿ.

ಪುಣೆ, ಹೈದರಾಬಾದ್, ಬೆಂಗಳೂರಿಗೆ ಮಕ್ಕಳನ್ನು ಓದಲು ಕಳಿಸಿದ ತಾಯಿತಂದೆಯರೇ, ಈ ಮಾತು ನಿಮಗಾಗಿ. ಎಲ್‌ಎಸ್‌ಡಿ ಅಂತ ಒಂದು ಅಮಲು ಪದಾರ್ಥ ಇದೆ. ಅದನ್ನು ಹೀರಿಸಿದ ಉಗುರಿನಷ್ಟು ಕಾಗದದ ಚೂರು. ಹುಡುಗರು ಸ್ಟ್ಯಾಂಪ್ ಅನ್ನುತ್ತಾರೆ. ಸೈಲೊಸೈಬಿನ್ ಅನ್ನುವ ಅಮಲಿನ ಅಂಶ ಇರುವ ಅಣಬೆಯೂ ಇದೇ ಜಾತಿಯದು.

‘ಸಾಹೇಬ್ರ, ಇದು ಖಿನ್ನತೆಗೆ ಔಷಧ ಅಂತ ಮೊಬೈಲ್‌ನ್ಯಾಗ ಬಂದದ’ ಅಂತ ಹುಡುಗರು ಡಾಕ್ಟರಾದ ನನ್ನೊಂದಿಗೆ ವಾದಕ್ಕೆ ನಿಲ್ಲುತ್ತಾರೆ. ಹೌದಪ್ಪ, ವಿದೇಶದಲ್ಲಿ ಸಂಶೋಧನೆ ನಡೆದಿದೆ. ಆದರೆ ಅಲ್ಲಿ ಮೊದಲು ಕೇಳುವುದೇನು? ನಿಮ್ಮ ಮನೆತನದಲ್ಲಿ ಯಾರಿಗಾದರೂ ಇಲ್ಲದ ದನಿ ಕೇಳಿಸುವ ಸ್ಕಿಜೋಫ್ರೇನಿಯಾ, ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗುವ ಬೈಪೋಲಾರ್ ಕಾಯಿಲೆ ಇತ್ತೇ? ಇತ್ತು ಅಂದರೆ ವಾಪಸ್ ಕಳಿಸುತ್ತಾರೆ. ಯಾಕಂದರೆ ಅಂಥವರಲ್ಲಿ ಈ ಪದಾರ್ಥ ಆ ಕಾಯಿಲೆಯನ್ನು ಕೆರಳಿಸಬಹುದು. ಔಷಧ ತೆಗೆದುಕೊಂಡವರ ಪಕ್ಕದಲ್ಲಿ ತರಬೇತಾದವರು ಆರೆಂಟು ತಾಸು ಕೂತಿರುತ್ತಾರೆ. ಹಾಸ್ಟೆಲ್ ರೂಮಿನಲ್ಲಿ ಇದನ್ನೆಲ್ಲ ಯಾರು ಮಾಡುತ್ತಾರೆ?

ಆಳಂದ ಕಡೆಯ ಒಬ್ಬ ಎಂಜಿನಿಯರಿಂಗ್ ಹುಡುಗ. ಗೆಳೆಯರೆಲ್ಲ ಸೇರಿ ಸ್ಟ್ಯಾಂಪ್ ನಾಲಿಗೆಯ ಮೇಲಿಟ್ಟರು. ಮರುದಿನ ಅವರೆಲ್ಲ ಕಾಲೇಜಿಗೆ ಹೋದರು. ಇವನು ಮಾತ್ರ ಮೊದಲಿನಂತೆ ಆಗಲೇ ಇಲ್ಲ. ಗೋಡೆಯಾಚೆ ಯಾರೋ ತನ್ನನ್ನು ಬೈಯುತ್ತಾರೆ ಅನ್ನುವನು. ಊಟದಲ್ಲಿ ವಿಷ ಇದೆ ಅಂತ ತಾಯಿ ಕೊಟ್ಟ ತಾಟು ದೂಡುವನು. ಮನೆಯವರು ಗಾಣಗಾಪುರಕ್ಕೆ ಕರೆದುಕೊಂಡು ಹೋದರು. ಹೋಗಲಿ, ದೇವರ ದರ್ಶನ ಬೇಡ ಅನ್ನುವವನಲ್ಲ ನಾನು. ಆದರೆ ಆಸ್ಪತ್ರೆಗೂ ಬರಬೇಕಲ್ಲ! ನನ್ನ ಹತ್ತಿರ ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ ಅಂದೆ. ‘ಇಲ್ರಿ’ ಅಂದರು ತಂದೆ. ಅವರು ಹೊರಗೆ ಹೋದ ಮೇಲೆ ಅಜ್ಜಿ ಹತ್ತಿರ ಬಂದಳು. ‘ಇವನ ಕಾಕಾನೂ ಹಿಂಗೇ ಒಬ್ಬನೇ ಮಾತಾಡ್ಕೋತ ಹೊಲದಾಗ ತಿರುಗ್ತಿದ್ದ ಯಪ್ಪಾ. ಹೆಣ್ಮಕ್ಕಳ ಲಗ್ನಕ್ಕ ತ್ರಾಸ ಆಗ್ತದಂತ ಯಾರೂ ಬಾಯಿ ಬಿಟ್ಟಿಲ್ಲ.’

ಕಾಕಾನ ಕಾಯಿಲೆ ಆ ಹುಡುಗನಿಗೆ ಗೊತ್ತೇ ಇರಲಿಲ್ಲ. ಹೇಳಿ ತಾಯಂದಿರೇ, ಅವನಿಗೆ ಹೇಳಬೇಕಿತ್ತೋ ಬೇಡವೋ? ಈಗ ಔಷಧ ತೆಗೆದುಕೊಳ್ಳುತ್ತಾ ಮತ್ತೆ ಓದುತ್ತಿದ್ದಾನೆ. ಆದರೆ ಮನೆಯ ವಿಷಯ ಮಕ್ಕಳಿಗೆ ಹೇಳಿ. ಮದುವೆಯ ಮಾತುಕತೆಯಲ್ಲಿ ಮುಚ್ಚಿಟ್ಟರೂ ಮಕ್ಕಳಿಂದ ಮುಚ್ಚಿಡಬೇಡಿ.

ಸಮಯ ಆಗುತ್ತಾ ಬಂತು, ಬೇಗ ಹೇಳುತ್ತೇನೆ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ನುಂಗುವವರು ಎಲ್‌ಎಸ್‌ಡಿ ಮುಟ್ಟಿದರೆ ಫಿಟ್ಸ್ ಬರಬಹುದು. ಅಮಲಿನಲ್ಲಿ ಹೆದರಿದವರನ್ನು ಕಟ್ಟಿಹಾಕಬೇಡಿ, ಬೈಯಬೇಡಿ, ಒಬ್ಬರನ್ನೇ ಬಿಡಬೇಡಿ. ಗದ್ದಲ ಇಲ್ಲದ ಕಡೆ ಕೂಡಿಸಿ ಆಸ್ಪತ್ರೆಗೆ ಕರೆತನ್ನಿ. 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಈ ಪದಾರ್ಥ ಇಟ್ಟುಕೊಳ್ಳುವುದು ಅಪರಾಧ ನಿಜ, ಆದರೆ ಡಾಕ್ಟರು ಪೊಲೀಸರಲ್ಲ. ರೋಗಿ ಹೇಳಿದ್ದನ್ನು ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ನಮಗೆ ಹೇಳಿದೆ. ಏನು ತಿಂದ, ಯಾವಾಗ ತಿಂದ, ಮನೆಯಲ್ಲಿ ಯಾರಿಗೆ ಏನಿತ್ತು, ಎಲ್ಲ ಬಿಚ್ಚಿ ಹೇಳಿ. ಬರಲು ಸಂಕೋಚವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ನಡುರಾತ್ರಿಯಾದರೂ ಸರಿ.