ಗಂಟಲು ನೋವು ತಾನೇ ಅಂತ ಸುಮ್ಮನಿರಬೇಡಿ

ಎಲ್ಲರಿಗೂ ನಮಸ್ಕಾರ. ಥೈರಾಯ್ಡ್ ಮಾತ್ರೆ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಥೈರಾಕ್ಸಿನ್. ಇವತ್ತಿನ ಮಾತು ಅದರದ್ದಲ್ಲ. ಗ್ರಂಥಿ ಜಾಸ್ತಿ ಕೆಲಸ ಮಾಡಿ ಎದೆ ಡವಡವ, ಕೈ ನಡುಕ, ಎಷ್ಟು ಉಂಡರೂ ತೂಕ ಇಳಿಯುವುದು, ಇಂಥವರಿಗೆ ಕೊಡುವ ಕಾರ್ಬಿಮಝೋಲ್ ಬಗ್ಗೆ. ಮೈಯೊಳಗೆ ಹೋದಮೇಲೆ ಅದೇ ಮೆಥಿಮಝೋಲ್ ಆಗುತ್ತದೆ. ಇದರ ದಾಯಾದಿ ಇನ್ನೊಂದಿದೆ, ಪ್ರೊಪೈಲ್‌ಥಯೋಯುರಾಸಿಲ್, ಚಿಕ್ಕದಾಗಿ ಪಿಟಿಯು ಅನ್ನುತ್ತೇವೆ.

ಒಳ್ಳೆಯ ಔಷಧಗಳೇ. 1943ರಲ್ಲಿ ಅಮೆರಿಕದ ವೈದ್ಯ ಎಡ್ವಿನ್ ಆಸ್ಟ್‌ವುಡ್ ಈ ಜಾತಿಯ ಔಷಧ ಕೊಟ್ಟು ಗುಣ ತೋರಿಸಿದರು. ಇವತ್ತಿಗೂ ನಾವು ಬರೆಯುತ್ತಲೇ ಇದ್ದೇವೆ. ಆದರೆ ಕೆಲವರ ಮೈ ಇದನ್ನು ಶತ್ರು ಅಂದುಕೊಳ್ಳುತ್ತದೆ. ನೂರರಲ್ಲಿ ಸುಮಾರು 5 ಜನಕ್ಕೆ ತುರಿಕೆ, ದದ್ದು ಬರುತ್ತದೆ. ಅದು ಸಾಮಾನ್ಯವಾಗಿ ಅಲರ್ಜಿ ಮಾತ್ರೆಗೆ ಬಗ್ಗುತ್ತದೆ.

ನನಗೆ ಭಯ ಇರುವುದು ಬೇರೆಯದರ ಮೇಲೆ. ಮಾತ್ರೆ ಶುರುಮಾಡಿ ಆರು ವಾರ ಆಗಿದೆ ಅಂದುಕೊಳ್ಳಿ. ಶನಿವಾರ ಜ್ವರ, ಗಂಟಲು ನೋವು. ಮನೆಯಲ್ಲಿ ಉಪ್ಪುನೀರು, ಕಾಳುಮೆಣಸಿನ ಕಷಾಯ, ಒಂದು ಡೋಲೊ. ಜ್ವರ ಇಳಿಯಿತು, ಸಮಾಧಾನ. ಸೋಮವಾರ ಬಾಯೆಲ್ಲ ಹುಣ್ಣು, ಎಂಜಲು ನುಂಗಲೂ ಆಗದು. ರಕ್ತ ನೋಡಿದರೆ ಸೋಂಕಿನ ಜೊತೆ ಹೊಡೆದಾಡುವ ನ್ಯೂಟ್ರೊಫಿಲ್ ಕಣಗಳೇ ಇಲ್ಲ. ಮೈಕ್ರೋಲೀಟರಿಗೆ 1,500ಕ್ಕಿಂತ ಜಾಸ್ತಿ ಇರಬೇಕಾದವು 500ಕ್ಕಿಂತ ಕೆಳಗೆ. ಇದಕ್ಕೆ ಅಗ್ರಾನ್ಯುಲೊಸೈಟೋಸಿಸ್ ಅನ್ನುತ್ತಾರೆ. ಸಾವಿರದಲ್ಲಿ 2ರಿಂದ 5 ಜನರಿಗೆ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. "ಹೋದ ವಾರ ತಾನೇ ರಿಪೋರ್ಟ್ ನಾರ್ಮಲ್ ಬಂದಿತ್ತು ಡಾಕ್ಟ್ರೇ" ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ. ಲೆಕ್ಕ ದಿಢೀರನೆ ಬೀಳುತ್ತದೆ. ಜ್ವರ ಬಂದ ದಿನವೇ ಸಿಬಿಸಿ, ಅಂದರೆ ರಕ್ತಕಣಗಳ ಲೆಕ್ಕದ ಪರೀಕ್ಷೆ, ಮಾಡಿಸಿ. ಲ್ಯಾಬಿನವರಿಗೆ 'ಡಿಫರೆನ್ಷಿಯಲ್ ಸಮೇತ' ಅಂತ ಹೇಳಿ, ಬಿಳಿ ಕಣಗಳಲ್ಲಿ ಯಾವುದು ಎಷ್ಟಿದೆ ಅಂತ ಅದರಲ್ಲೇ ಗೊತ್ತಾಗುವುದು.

ಒಮ್ಮೆ ಹೀಗಾದವರಿಗೆ ಕಾರ್ಬಿಮಝೋಲ್ ಬಿಡಿಸಿ ಪಿಟಿಯು ಕೊಡುವ ಹಾಗೂ ಇಲ್ಲ, ಅದೂ ಹಾಗೇ ಮಾಡಬಹುದು. ಆಮೇಲೆ ಗ್ರಂಥಿಯ ಕೆಲಸ ತಗ್ಗಿಸುವ ವಿಕಿರಣದ ಔಷಧ ರೇಡಿಯೋ ಅಯೋಡಿನ್, ಇಲ್ಲವೇ ಗ್ರಂಥಿಯ ಆಪರೇಷನ್.

ಪಿಟಿಯು ಜಾಸ್ತಿ ಮಾಡುವ ಕಿತಾಪತಿ ಇನ್ನೊಂದು. ವರ್ಷಗಟ್ಟಲೆ ನುಂಗಿದ ಮೇಲೂ ರಕ್ತನಾಳಗಳಿಗೆ ಉರಿಯೂತ ಬರಬಹುದು. ಕಾಲಲ್ಲಿ ನೇರಳೆ ಮಚ್ಚೆ, ಕೀಲುನೋವು, ಮೂತ್ರದಲ್ಲಿ ರಕ್ತ, ಕೆಮ್ಮಿದರೆ ರಕ್ತ. ಕೀಲುನೋವನ್ನು ವಯಸ್ಸಿನ ಮೇಲೆ ಹಾಕಿಬಿಡುವುದು ನಮ್ಮ ಅಭ್ಯಾಸ, ಅಲ್ವಾ?

ಇಲ್ಲೊಬ್ಬರು ಚೀಟಿ ಕಳಿಸಿದ್ದಾರೆ. "ಹಾಗಾದರೆ ನಾಳೆಯಿಂದಲೇ ಮಾತ್ರೆ ಬಿಡಲಾ?" ಬೇಡಮ್ಮಾ. ಸುಮ್ಸುಮ್ನೆ ಬಿಟ್ಟರೆ ಹೃದಯಕ್ಕೆ ಏಟು. ಜ್ವರವೋ ಗಂಟಲು ನೋವೋ ಬಂದರೆ ಮಾತ್ರ ನಿಲ್ಲಿಸಿ, ರಿಪೋರ್ಟ್ ಕೈಗೆ ಬರುವವರೆಗೆ. ಕಣಗಳು ಸರಿ ಇದ್ದರೆ ನಿಮ್ಮ ಡಾಕ್ಟರೇ ಮತ್ತೆ ಶುರು ಮಾಡಿಸುತ್ತಾರೆ.