ಫೈಲ್ ಎದುರಿಗೇ ಇದೆ, ಆದರೂ ‘ಕಮಾಂಡ್ ನಾಟ್ ಫೌಂಡ್’

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಳೆ ಲೆಕ್ಕ ಬರೆಯೋದು ಇಂಚು, ಸೆಂಟ್‌ನಲ್ಲಿ. ನೂರು ಸೆಂಟ್ ಅಂದ್ರೆ ಒಂದು ಇಂಚು. ಮಿಲಿಮೀಟರ್ ಬೇಕಂದ್ರೆ ಇಂಚನ್ನ 25.4ರಿಂದ ಗುಣಿಸಬೇಕು. ಪರದೆ ಮೇಲೆ ಕಾಣ್ತಿರೋ ಪುಟ್ಟ ಶೆಲ್ ಸ್ಕ್ರಿಪ್ಟ್, ಅಂದ್ರೆ ಲಿನಕ್ಸ್ ಕಮಾಂಡ್‌ಗಳನ್ನ ಬರೆದಿಟ್ಟ ಫೈಲ್, ಮಾಡೋದು ಇಷ್ಟೇ ಕೆಲಸ. ಕಮಾಂಡ್‌ಗಳನ್ನ ಓದಿ ಓಡಿಸೋ ಶೆಲ್ ಇಲ್ಲಿ ಬ್ಯಾಷ್. ಅದಕ್ಕೆ ದಶಮಾಂಶದ ಲೆಕ್ಕ ಬರಲ್ಲ, ಹಾಗಾಗಿ ಗುಣಾಕಾರವನ್ನ ಆಕ್ ಅನ್ನೋ ಇನ್ನೊಂದು ಪ್ರೋಗ್ರಾಂಗೆ ಒಪ್ಪಿಸಿದೆ. ಫೈಲ್ ಹೆಸರು ಮಳೆ. ಟೈಪ್ ಮಾಡೋದು ಇಂಗ್ಲಿಷ್ ಅಕ್ಷರದಲ್ಲಿ, ಎಂ, ಎ, ಎಲ್, ಇ.

ಫೋಲ್ಡರ್‌ನಲ್ಲಿರೋದನ್ನ ಪಟ್ಟಿ ಮಾಡೋ ಎಲ್‌ಎಸ್ ಕೊಟ್ಟರೆ ಫೈಲ್ ಕಾಣುತ್ತೆ. ‘ಬ್ಯಾಷ್ ಮಳೆ’ ಅಂದರೆ ಉತ್ತರವೂ ಬರುತ್ತೆ. ಬರೀ ‘ಮಳೆ’ ಅಂದರೆ ಮಾತ್ರ ಕಮಾಂಡ್ ನಾಟ್ ಫೌಂಡ್. ‘ಬ್ಯಾಷ್ ಮಳೆ’ ಓಡಿದೆ ಅನ್ನೋದರಿಂದ ಗೊತ್ತಾಗೋದು ಒಂದೇ: ಒಳಗಿನ ಸಾಲುಗಳು ಸರಿಯಿವೆ. ಅಲ್ಲಿ ಓಡ್ತಿರೋ ಪ್ರೋಗ್ರಾಂ ಬ್ಯಾಷ್. ನಿಮ್ಮ ಫೈಲನ್ನ ಅದು ಓದ್ತಿದೆ, ಅಷ್ಟೇ. ಅದಕ್ಕೆ ಓದೋ ಅನುಮತಿ ಇದ್ದರೆ ಸಾಕು.

ಬರೀ ಹೆಸರು ಕೊಟ್ಟಾಗ ಶೆಲ್ ಹುಡುಕೋದು ಪಾತ್ ಅನ್ನೋ ವೇರಿಯೇಬಲ್‌ನಲ್ಲಿರೋ ಫೋಲ್ಡರ್‌ಗಳಲ್ಲಿ ಮಾತ್ರ. ‘ಎಕೋ ಡಾಲರ್ ಪಾತ್’ ಅಂತ ಹೊಡೀರಿ, ಎಲ್ಲಾ ದೊಡ್ಡಕ್ಷರ. ಕೋಲನ್ ಹಾಕಿ ಬೇರ್ಪಡಿಸಿದ ಪಟ್ಟಿ ಬರುತ್ತೆ. ಎಡದಿಂದ ಬಲಕ್ಕೆ ಒಂದೊಂದೇ ಫೋಲ್ಡರ್ ನೋಡುತ್ತೆ, ಮೊದಲು ಸಿಕ್ಕಿದ್ದನ್ನ ಓಡಿಸುತ್ತೆ. ನೀವು ನಿಂತಿರೋ ಫೋಲ್ಡರ್ ಆ ಪಟ್ಟಿಯಲ್ಲಿಲ್ಲ. ವಿಂಡೋಸ್‌ನ ಹಳೇ ಕಮಾಂಡ್ ಪ್ರಾಂಪ್ಟ್ ಇರೋ ಜಾಗದಲ್ಲೂ ಹುಡುಕುತ್ತೆ. ಆ ಅಭ್ಯಾಸ ಇದ್ದವರಿಗೇ ಇಲ್ಲಿ ಹೆಚ್ಚು ಗೊಂದಲ.

ಚುಕ್ಕಿ ಅಂದ್ರೆ ನೀವು ನಿಂತಿರೋ ಫೋಲ್ಡರ್. ಪಾತ್‌ಗೆ ಒಂದು ಚುಕ್ಕಿ ಸೇರಿಸಿದರೆ ಮುಗೀತಲ್ಲ ಅಂತ ಕೆಲವರು ಹೇಳಿಕೊಡ್ತಾರೆ. ಬೇಡ. ಹಲವರು ಬಳಸೋ ಫೋಲ್ಡರ್‌ನಲ್ಲಿ ಯಾರಾದರೂ ಎಲ್‌ಎಸ್ ಅನ್ನೋ ಹೆಸರಲ್ಲೇ ಒಂದು ಕಿತಾಪತಿ ಸ್ಕ್ರಿಪ್ಟ್ ಇಟ್ಟಿದ್ದರೆ, ಪಾತ್‌ನಲ್ಲಿ ಚುಕ್ಕಿ ಮೊದಲೇ ಇದ್ದರೆ, ನೀವು ಎಲ್‌ಎಸ್ ಹೊಡೆದಾಗ ಓಡೋದು ಅದು. ಪಾತ್ ಕೊನೆಯಲ್ಲಿ ಖಾಲಿ ಕೋಲನ್, ಅಥವಾ ನಡುವೆ ಎರಡು ಕೋಲನ್ ಒತ್ತಾಗಿ ಬಂದರೂ ಚುಕ್ಕಿ ಹಾಕಿದ ಹಾಗೇ. ಇದು ಬಹಳ ಜನರ ಕಣ್ಣಿಗೆ ಬೀಳಲ್ಲ.

ಈಗ ಡಾಟ್ ಸ್ಲ್ಯಾಶ್ ಮಳೆ ಅಂತ ಕೊಡಿ. ಹೆಸರಲ್ಲಿ ಸ್ಲ್ಯಾಶ್ ಇದ್ದರೆ ಶೆಲ್ ಪಾತ್ ಮುಟ್ಟೋದೇ ಇಲ್ಲ, ನೇರ ಆ ಫೈಲಿಗೇ ಹೋಗುತ್ತೆ. ನೋಡಿ, ಸಂದೇಶ ಬದಲಾಯ್ತು: ಪರ್ಮಿಷನ್ ಡಿನೈಡ್. ಕಮಾಂಡ್ ಮುಗಿದಾಗ ಬಿಟ್ಟುಹೋಗೋ ಸಂಖ್ಯೆ, ಅಂದ್ರೆ ಎಕ್ಸಿಟ್ ಕೋಡ್, ಮೊದಲನೆಯದರದ್ದು 127, ಇದರದ್ದು 126. ಅಂದ್ರೆ ಫೈಲ್ ಸಿಕ್ಕಿದೆ, ಓಡಿಸೋ ಅನುಮತಿ ಇಲ್ಲ. ಅನುಮತಿ ಬದಲಿಸೋ ಕಮಾಂಡ್ ಕೊಡಿ: ಸಿಎಚ್‌ಮಾಡ್, ಯು ಪ್ಲಸ್ ಎಕ್ಸ್, ಮಳೆ. ಇಷ್ಟೇ ಸಾಕು. ಎಲ್ಲರಿಗೂ ಎಲ್ಲಾ ಅನುಮತಿ ಕೊಡೋ 777 ಹಾಕಿದರೆ ಬೇರೆಯವರೂ ನಿಮ್ಮ ಸ್ಕ್ರಿಪ್ಟ್ ತಿದ್ದಬಹುದು.

ಸಿಎಚ್‌ಮಾಡ್ ಕೊಟ್ಟರೂ ಅದೇ ಸಂದೇಶ ಬಂದರೆ ಫೈಲ್ ಪೆನ್‌ಡ್ರೈವ್‌ನಲ್ಲಿದೆಯಾ ನೋಡಿ. ಫ್ಯಾಟ್, ಎಕ್ಸ್‌ಫ್ಯಾಟ್ ಫೈಲ್‌ಸಿಸ್ಟಂಗಳಲ್ಲಿ ಈ ಅನುಮತಿ ಬರೆದಿಡೋಕೆ ಜಾಗವೇ ಇಲ್ಲ. ಕೆಲವು ಡ್ರೈವ್‌ಗಳು ನೋ-ಎಕ್ಸೆಕ್, ಅಂದ್ರೆ ಇಲ್ಲಿಂದ ಏನೂ ಓಡಿಸಬಾರದು ಅನ್ನೋ ಆಯ್ಕೆಯಲ್ಲಿ ಜೋಡಣೆ (ಮೌಂಟ್) ಆಗಿರ್ತವೆ. ಹೋಮ್ ಫೋಲ್ಡರ್‌ಗೆ ಕಾಪಿ ಮಾಡಿ, ಅಲ್ಲಿ ಅನುಮತಿ ಕೊಡಿ.

ಮೂರನೇ ತರಹದ ಸಂದೇಶ ಬ್ಯಾಡ್ ಇಂಟರ್‌ಪ್ರಿಟರ್. ಹೊಸ ಬ್ಯಾಷ್ ಆದರೆ ರಿಕ್ವೈರ್ಡ್ ಫೈಲ್ ನಾಟ್ ಫೌಂಡ್ ಅನ್ನಬಹುದು. ಹ್ಯಾಷ್, ಆಶ್ಚರ್ಯಚಿಹ್ನೆ, ಸ್ಲ್ಯಾಶ್ ಬಿನ್ ಸ್ಲ್ಯಾಶ್ ಬ್ಯಾಷ್ ಅಂತ, ಸ್ಕ್ರಿಪ್ಟನ್ನ ಯಾವ ಪ್ರೋಗ್ರಾಂ ಓದಬೇಕು ಅಂತ ಹೇಳೋ ಮೊದಲ ಸಾಲು ನೋಡೋಕೆ ಸರಿಯಾಗೇ ಇರುತ್ತೆ. ಆದರೆ ಫೈಲ್ ವಿಂಡೋಸ್‌ನಲ್ಲಿ ಸೇವ್ ಆಗಿದ್ದರೆ ಸಾಲಿನ ತುದಿಯಲ್ಲಿ ಕ್ಯಾರೇಜ್ ರಿಟರ್ನ್ ಅನ್ನೋ ಕಾಣದ ಅಕ್ಷರ ಒಂದು ಕೂತಿರುತ್ತೆ. ಆ ಬಾಲ ಇರೋ ‘ಬ್ಯಾಷ್’ ಸಿಸ್ಟಂನಲ್ಲಿ ಎಲ್ಲೂ ಇಲ್ಲ. ಕ್ಯಾಟ್, ಹೈಫನ್, ದೊಡ್ಡ ಎ ಕೊಟ್ಟರೆ ಸಾಲಿನ ಕೊನೆಗೆ ಕ್ಯಾರೆಟ್ ಎಂ ಕಾಣುತ್ತೆ. ಡಾಸ್-ಟು-ಯೂನಿಕ್ಸ್ ಓಡಿಸಿ, ಹೋಯ್ತು.

ಇನ್ನು ಡಾಟ್ ಸ್ಲ್ಯಾಶ್ ಇಲ್ಲದೆ ಕರೆಯೋ ವಿಚಾರ. ಹೋಮ್ ಒಳಗೆ ಡಾಟ್ ಲೋಕಲ್ ಸ್ಲ್ಯಾಶ್ ಬಿನ್ ಅನ್ನೋ ಫೋಲ್ಡರ್ ಮಾಡಿ, ಸ್ಕ್ರಿಪ್ಟನ್ನ ಅಲ್ಲಿಗೆ ಸರಿಸಿ. ಉಬುಂಟುವಿನಲ್ಲಿ ಲಾಗಿನ್ ಆದಾಗ ಓದೋ ಡಾಟ್ ಪ್ರೊಫೈಲ್ ಫೈಲ್ ಈ ಫೋಲ್ಡರನ್ನ ಪಾತ್‌ಗೆ ತಾನೇ ಸೇರಿಸುತ್ತೆ, ಆದರೆ ಲಾಗಿನ್ ಹೊತ್ತಿಗೆ ಫೋಲ್ಡರ್ ಇದ್ದರೆ ಮಾತ್ರ. ಈಗಷ್ಟೇ ಮಾಡಿದ್ದೀರಿ ಅಂದ್ರೆ ಲಾಗೌಟ್ ಆಗಿ ಮತ್ತೆ ಬನ್ನಿ. ಹೊಸ ಟರ್ಮಿನಲ್ ತೆರೆದರೆ ಸಾಮಾನ್ಯವಾಗಿ ಸಾಲದು. ಹೋಮ್‌ನಲ್ಲಿ ಡಾಟ್ ಬ್ಯಾಷ್ ಅಂಡರ್‌ಸ್ಕೋರ್ ಪ್ರೊಫೈಲ್ ಫೈಲ್ ಇದ್ದರಂತೂ ಲಾಗಿನ್ ಬ್ಯಾಷ್ ಡಾಟ್ ಪ್ರೊಫೈಲ್ ಕಡೆ ತಿರುಗಿಯೂ ನೋಡಲ್ಲ.

ಹೊಸ ಟರ್ಮಿನಲ್ ತೆರೆದಾಗ ಬ್ಯಾಷ್ ಓದೋ ಡಾಟ್ ಬ್ಯಾಷ್‌ಆರ್‌ಸಿಯಲ್ಲಿ, ಈ ಫೋಲ್ಡರನ್ನ ಪಾತ್‌ಗೆ ಹಾಕೋ ಸಾಲನ್ನ ನೀವೇ ಸೇರಿಸೋದಾದರೆ ಪರದೆಯಲ್ಲಿರೋದನ್ನ ಹಾಗೇ ಬರೆಯಿರಿ. ಸಮ ಚಿಹ್ನೆಯ ಅಕ್ಕಪಕ್ಕ ಜಾಗ ಬಿಡಬೇಡಿ. ಡಬಲ್ ಕೋಟ್ ಹಾಕಿ; ಸಿಂಗಲ್ ಕೋಟ್ ಒಳಗೆ ಡಾಲರ್ ಬರೀ ಅಕ್ಷರವಾಗಿ ಉಳಿಯುತ್ತೆ. ಕೊನೆಯಲ್ಲಿ ಹಳೇ ಪಾತ್ ಸೇರಿಸೋದು ಮರೆತರೆ ಎಲ್‌ಎಸ್ ಕೂಡ ಸಿಗಲ್ಲ, ಹೊಸ ಟರ್ಮಿನಲ್‌ನಲ್ಲೂ ಅದೇ ಪಾಡು. ಗಾಬರಿ ಬೇಡ: ಸ್ಲ್ಯಾಶ್ ಯುಎಸ್‌ಆರ್ ಸ್ಲ್ಯಾಶ್ ಬಿನ್ ಸ್ಲ್ಯಾಶ್ ನ್ಯಾನೋ ಅಂತ ಪೂರ್ತಿ ದಾರಿ ಕೊಟ್ಟು ಎಡಿಟರ್ ತೆರೆದು ಆ ಸಾಲು ತಿದ್ದಿ.

ಹೆಸರಿನ ಬಗ್ಗೆ ಎರಡು ಮಾತು. ಫೈಲ್ ಮಳೆ ಡಾಟ್ ಎಸ್‌ಎಚ್ ಆಗಿದ್ದರೆ ಬರೀ ಮಳೆ ಅಂದರೆ ಸಿಗಲ್ಲ, ಬಾಲವೂ ಹೆಸರಿನ ಭಾಗವೇ. ಸ್ಕ್ರಿಪ್ಟಿಗೆ ಟೆಸ್ಟ್ ಅಂತ ಹೆಸರಿಡಬೇಡಿ. ಆ ಹೆಸರಿನ ಕಮಾಂಡ್ ಬ್ಯಾಷ್ ಒಳಗೇ ಇದೆ, ಅದು ಓಡಿ ಏನೂ ಹೇಳದೆ ಸುಮ್ಮನಾಗುತ್ತೆ. ಅನುಮಾನ ಬಂದರೆ ಟೈಪ್, ಹೈಫನ್ ಎ, ಆಮೇಲೆ ಹೆಸರು. ಯಾವ ಯಾವ ಜಾಗದಲ್ಲಿ ಆ ಹೆಸರಿದೆ ಅಂತ ಎಲ್ಲವನ್ನೂ ತೋರಿಸುತ್ತೆ. ಫೈಲ್ ಸರಿಸಿದ ಮೇಲೂ ಹಳೇ ಜಾಗಕ್ಕೇ ಹೋಗಿ ಇಲ್ಲ ಅಂತಿದ್ದರೆ, ಬ್ಯಾಷ್ ನೆನಪಿಟ್ಟ ದಾರಿ ಮರೆಸೋಕೆ ಹ್ಯಾಷ್ ಅನ್ನೋ ಕಮಾಂಡ್, ಹೈಫನ್ ಆರ್.

ಮಳೆಮಾಪಕ ನೋಡೋ ಹೊತ್ತು ಸಾಮಾನ್ಯವಾಗಿ ಬೆಳಿಗ್ಗೆ 8:30. ಒಂಬತ್ತಕ್ಕೆ ತಾನಾಗೇ ಓಡಲಿ ಅಂತ, ಹೇಳಿದ ಹೊತ್ತಿಗೆ ಕಮಾಂಡ್ ಓಡಿಸೋ ಕ್ರಾನ್‌ಗೆ ಬರೀ ಹೆಸರು ಹಾಕಿದರೆ ಮತ್ತೆ ಕಮಾಂಡ್ ನಾಟ್ ಫೌಂಡ್ ಬರುತ್ತೆ. ಕ್ರಾನ್ ನಿಮ್ಮ ಪ್ರೊಫೈಲ್ ಓದಲ್ಲ, ಅದರ ಪಾತ್ ತುಂಬಾ ಚಿಕ್ಕದು. ಅಲ್ಲಿ ಬರೀ ಹೆಸರಿನ ಹಂಗೇ ಬೇಡ. ಸ್ಲ್ಯಾಶ್ ಹೋಮ್‌ನಿಂದ ಶುರುಮಾಡಿ ಪೂರ್ತಿ ದಾರಿ ಬರೆಯಿರಿ.