ಕಾಚಂಪುಳಿ ಮತ್ತು ಕ್ಯಾಪ್ಸೂಲ್

ಕೇಳುಗರಿಗೆ ನಮಸ್ಕಾರ. ಅಕ್ಕತಂಗಿಯರೇ, ಈ ಮಾತು ಮುಖ್ಯವಾಗಿ ನಿಮಗೆ.

ಮುಟ್ಟು ಏರುಪೇರಾಗಿ, ಮೈತೂಕ ಏರುತ್ತಿರುವ ಹೆಣ್ಣುಮಕ್ಕಳ ಮೊಬೈಲಿಗೆ ಬರುವ ಜಾಹೀರಾತುಗಳಲ್ಲಿ ತೂಕ ಇಳಿಸುತ್ತದೆ ಎನ್ನುವ ಗಾರ್ಸಿನಿಯಾ ಕ್ಯಾಪ್ಸೂಲಿನದೂ ಒಂದು. ಪೂರ್ತಿ ಗಿಡಮೂಲಿಕೆ, ಅಡ್ಡಪರಿಣಾಮವೇ ಇಲ್ಲ ಎನ್ನುತ್ತಾರೆ. ಈ ಗಾರ್ಸಿನಿಯಾ ಕೊಡಗಿಗೆ ಹೊಸದಲ್ಲ. ನಮ್ಮ ಪಂದಿ ಕರಿಗೆ ಹುಳಿ ಕೊಡುವ ಕಾಚಂಪುಳಿ ಅದೇ ಮರದ ಹಣ್ಣಿನ ರಸ; ಕಪ್ಪಗೆ, ಗಟ್ಟಿಯಾಗುವವರೆಗೆ ಕುದಿಸಿ ಇಳಿಸಿದ್ದು. ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ಬೇರ್ಪಡಿಸಿ ಕ್ಯಾಪ್ಸೂಲಿಗೆ ತುಂಬುತ್ತಾರೆ. ಇಡೀ ಮನೆಯ ಅಡುಗೆಗೆ ಒಂದೆರಡು ಚಮಚ ಹಾಕುವುದು ಬೇರೆ, ಅದರ ಸಾರವನ್ನು ತಿಂಗಳುಗಟ್ಟಲೆ ದಿನವೂ ನುಂಗುವುದು ಬೇರೆ. ಅದರಿಂದ ಇಳಿಯುವ ತೂಕ ಅತ್ಯಲ್ಪ. ಆದರೆ ಯಕೃತ್ತು ಕೆಟ್ಟು ಆಸ್ಪತ್ರೆ ಸೇರಿದವರ ವರದಿಗಳು ವೈದ್ಯಕೀಯ ನಿಯತಕಾಲಿಕೆಗಳಲ್ಲಿ ಹಲವು ಬಂದಿವೆ. ಯಕೃತ್ತಿನ ಕಸಿಯೇ ಬೇಕಾದವರೂ ಇದ್ದಾರೆ.

ಅಡುಗೆಮನೆಯ ವಸ್ತುವೂ ಸಾರವಾದಾಗ ಮದ್ದಿನಂತೆ ಕೆಲಸ ಮಾಡುತ್ತದೆ ಎಂಬುದಕ್ಕೆ ಕರಿಮೆಣಸನ್ನೇ ನೋಡಿ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜತೆಗೆ ಮೆಣಸಿನ ಪೈಪರಿನ್ ಅನ್ನು ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಅರಿಶಿನದ ಆ ಅಂಶ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರಿತು. ಇಂದು ಅರಿಶಿನದ ಎಷ್ಟೋ ಮಾತ್ರೆಗಳಲ್ಲಿ ಮೆಣಸಿನ ಸಾರವೂ ಇರುವುದು ಇದಕ್ಕಾಗಿಯೇ. ಅದೇ ಪೈಪರಿನ್ ನೀವು ನುಂಗುವ ಬೇರೆ ಮಾತ್ರೆಗಳ ಅಂಶವನ್ನೂ ರಕ್ತದಲ್ಲಿ ಏರಿಸಬಲ್ಲದು. ಅಪಸ್ಮಾರದ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಮರೆಯಬಾರದು.

ಹಾಗೆಂದು ಸಸ್ಯದ ಅಂಶಗಳೆಲ್ಲ ದಂಡ ಎಂದು ನಾನು ಹೇಳುತ್ತಿಲ್ಲ. ಮುಟ್ಟು ನಿಲ್ಲುವ ಕಾಲದಲ್ಲಿ ಮೈ ಬಿಸಿಯೇರಿ ಬೆವರುವುದನ್ನು ಸೋಯಾದ ಐಸೊಫ್ಲೇವೋನುಗಳು ಕೆಲವರಲ್ಲಿ ತುಸು ತಗ್ಗಿಸುತ್ತವೆ. ಅವು ಈಸ್ಟ್ರೋಜೆನ್ನಿನಂತೆ, ಆದರೆ ಬಹಳ ದುರ್ಬಲವಾಗಿ ಕೆಲಸ ಮಾಡುತ್ತವೆ. ಅಂಡಾಶಯದ ಪಿಸಿಒಎಸ್ ತೊಂದರೆಗೆ ಇನೋಸಿಟಾಲ್ ಕೊಡುವ ವೈದ್ಯರಿದ್ದಾರೆ, ಪುರಾವೆ ಮಾತ್ರ ಇನ್ನೂ ತೆಳು.

ನನ್ನ ತಕರಾರು ‘ಹಾರ್ಮೋನ್ ಅಸಮತೋಲನ’ ಎಂಬ ಒಂದೇ ಹೆಸರಿನಲ್ಲಿ ಎಲ್ಲರಿಗೂ ಒಂದೇ ಡಬ್ಬಿ ಮಾರುವುದರ ಬಗ್ಗೆ. ಪಿಸಿಒಎಸ್‌ನಲ್ಲಿ ಹಲವರಿಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿದಾಗಲೂ ಮುಟ್ಟು ತಪ್ಪುತ್ತದೆ, ತೂಕ ಏರುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ. ಒತ್ತಡಕ್ಕೆಂದು ಕೊಂಡ ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಆಗಲೇ ಥೈರಾಯ್ಡ್ ಮಾತ್ರೆ ನುಂಗುತ್ತಿರುವವರಿಗೆ ಅದರ ಪ್ರಮಾಣದ ಲೆಕ್ಕವೇ ತಪ್ಪಿಹೋಗುತ್ತದೆ. ಮೊದಲು ಥೈರಾಯ್ಡಿನ ಸ್ಥಿತಿ ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ.

ಕಾಫಿ ನಾಡಿನವರಿಗೆ ಇನ್ನೊಂದು ಮಾತು: ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಕಾಫಿಯ ಜತೆ ನುಂಗಬೇಡಿ. ಕಾಫಿ ಅದು ಮೈಗೆ ಹಿಡಿಯುವುದನ್ನು ತಡೆಯುತ್ತದೆ. ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಒಂದು ಗಂಟೆ ತಡೆದು ಕಾಫಿ ಕುಡಿಯಿರಿ.

ಗರ್ಭಿಣಿಯರು, ಮಗುವಿಗಾಗಿ ಪ್ರಯತ್ನಿಸುತ್ತಿರುವವರು, ಸ್ತನ ಕ್ಯಾನ್ಸರಿನಿಂದ ಗುಣವಾದವರು ವೈದ್ಯರನ್ನು ಕೇಳದೆ ಇಂಥ ಯಾವ ಡಬ್ಬಿಯನ್ನೂ ತೆರೆಯಬೇಡಿ. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಂಡ ಮೇಲೆ ಮೂತ್ರದ ಬಣ್ಣ ಬದಲಾದರೆ ನಾವು ಯಾರೂ ಹೆದರುವುದಿಲ್ಲ, ಹೆದರಬೇಕಾಗಿಯೂ ಇಲ್ಲ. ಆದರೆ ಕ್ಯಾಪ್ಸೂಲ್ ನುಂಗುತ್ತಿರುವವರ ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿ ಬಂದರೆ ಅಂದೇ ಅದನ್ನು ನಿಲ್ಲಿಸಿ. ಡಬ್ಬಿಯನ್ನೂ ಜತೆಗೆ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ, ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿ.